ಅರವತ್ಮೂರು ಅಂದ್ರೆ ಹದಾನಾ?

ನಮ್ಮ ಕಾಲೇಜಿನ ಪ್ರಾಜೆಕ್ಟ್ ಎಕ್ಸಿಬಿಷನ್‌ಗೆ ಯಾವ ವರ್ಷ ಬೇಕಾದ್ರೂ ಹೋಗಿ ನೋಡಿ. ಒಂದೆರಡು ಲೈನ್ ಫಾಲೋವರ್ ರೋಬೋ, ಒಂದು ಮುಖ ನೋಡಿ ಅಟೆಂಡೆನ್ಸ್ ಹಾಕೋ ಕ್ಯಾಮೆರಾ, ಮತ್ತೆ ಕಡ್ಡಾಯವಾಗಿ ಮೂರ್ನಾಲ್ಕು ‘ಸ್ಮಾರ್ಟ್ ಇರಿಗೇಶನ್’ ಟೇಬಲ್‌ಗಳು ಇದ್ದೇ ಇರುತ್ತವೆ. ಟೇಬಲ್ ಮೇಲೆ ಪ್ಲಾಸ್ಟಿಕ್ ಕುಂಡ, ಅದರಲ್ಲಿ ಯಾರದೋ ಮನೆಯಿಂದ ತಂದ ತುಳಸಿ ಗಿಡ, ಮಣ್ಣಿಗೆ ಚುಚ್ಚಿದ ಸೆನ್ಸರ್, ಪಕ್ಕದಲ್ಲಿ ಆರ್ಡುಯಿನೊ, ರಿಲೇ, ಬಕೆಟ್‌ನಲ್ಲಿ ಮುಳುಗಿಸಿದ ಪುಟ್ಟ ಪಂಪ್. ಸೆನ್ಸರನ್ನ ಮಣ್ಣಿಂದ ತೆಗೆದ್ರೆ ಪಂಪ್ ಆನ್, ಚುಚ್ಚಿದ್ರೆ ಆಫ್. ಎಕ್ಸಾಮಿನರ್ ತಲೆ ಆಡಿಸ್ತಾರೆ. ರೈತರ ಸಮಸ್ಯೆ ಬಗೆಹರಿಯಿತು!

ನಗಬೇಡಿ. ಕಳೆದ ಸೆಮಿಸ್ಟರ್‌ನಲ್ಲಿ ಆ ಟೇಬಲ್ ಹಿಂದೆ ಐಡಿ ಕಾರ್ಡ್ ಹಾಕ್ಕೊಂಡು ನಿಂತಿದ್ದವರು ನಾವೇ. ಒಂದೇ ವ್ಯತ್ಯಾಸ ಅಂದ್ರೆ ನಾವು ಕುಂಡದಲ್ಲಿ ನಿಲ್ಲಿಸಲಿಲ್ಲ, ಹೊಲಕ್ಕೆ ಹೋದ್ವಿ. ಹೋಗಿದ್ದಕ್ಕೆ ಹೆಚ್ಚು ಮಾರ್ಕ್ಸ್ ಬಂತು. ಹೊಲದ ಯಜಮಾನರಿಗೆ ನಷ್ಟ ಆಯ್ತು. ಇವೆರಡೂ ಹೇಗೆ ಒಟ್ಟಿಗೆ ಆಯ್ತು ಅಂತ ಹೇಳೋದಕ್ಕೇ ಈ ಲೇಖನ.

ನಮ್ಮ ಟೀಮಿನವನೊಬ್ಬನ ಸೋದರಮಾವ ಚಿಕ್ಕಬಳ್ಳಾಪುರದ ಕಡೆ ಆಲೂಗಡ್ಡೆ ಬೆಳೀತಾರೆ. ನವೆಂಬರ್‌ನಲ್ಲಿ ಬಿತ್ತನೆ, ಫೆಬ್ರವರಿಯಲ್ಲಿ ಕೀಳೋದು. ನಾವು ನಾಲ್ಕು ಜನ ಹೋಗಿ ಕೇಳಿದ್ದಕ್ಕೆ, ಹೊಲದ ಅಂಚಿನಲ್ಲಿ ಎರಡು ಸಾಲು ನಿಮಗೆ ಅಂತ ಬಿಟ್ಟುಕೊಟ್ಟರು. ಆ ಎರಡು ಸಾಲಿಗೆ ಬೇರೆ ಡ್ರಿಪ್ ಪೈಪ್ ಎಳೆದು, ಡ್ರಮ್ಮಿಗೆ ಪಂಪ್ ಇಟ್ಟು, ಮಣ್ಣಿಗೆ ಸೆನ್ಸರ್ ಹೂತು, ಒಂದು ಚಿಕ್ಕ ಡಿಸ್‌ಪ್ಲೇ ಹಾಕಿದ್ವಿ. ಕೋಡ್‌ನ ಮುಖ್ಯ ಭಾಗ ಎರಡೇ ಸಾಲು: ತೇವಾಂಶ ಅರವತ್ತಕ್ಕಿಂತ ಕಡಿಮೆ ಆದ್ರೆ ಪಂಪ್ ಆನ್, ಎಪ್ಪತ್ತು ದಾಟಿದ್ರೆ ಆಫ್.

ಮೊದಲ ದಿನ ಡಿಸ್‌ಪ್ಲೇ ಮೇಲೆ 63 ಅಂತ ಬಂತು. ಮಾವ ಬಗ್ಗಿ ನೋಡಿ ಕೇಳಿದ್ರು: “ಅರವತ್ಮೂರು ಅಂದ್ರೆ ಹದಾನಾ, ಬರೀ ತೇವಾನಾ, ಇಲ್ಲಾ ಕೆಸರಾ?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. “ಅರವತ್ಮೂರು ಪರ್ಸೆಂಟ್ ಅಂಕಲ್” ಅಂದ್ವಿ. ಅವರು ನಕ್ಕು ಸುಮ್ಮನಾದ್ರು. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದಿದ್ರೆ ಈ ಲೇಖನ ಬರೆಯೋ ಅಗತ್ಯ ಬರ್ತಿರಲಿಲ್ಲ.

ಯಾಕೆ ಉತ್ತರ ಇರಲಿಲ್ಲ ಅಂತ ಈಗ ಗೊತ್ತು. ನಾವು ಸೆನ್ಸರ್ ಕ್ಯಾಲಿಬ್ರೇಟ್ ಮಾಡಿದ್ದು ಹೇಗೆ? ಗಾಳಿಯಲ್ಲಿ ಹಿಡಿದಾಗ ಬಂದ ಅಂಕಿಗೆ ಸೊನ್ನೆ ಅಂತ ಹೆಸರಿಟ್ವಿ, ಒಂದು ಲೋಟ ನೀರಲ್ಲಿ ಅದ್ದಿದಾಗ ಬಂದ ಅಂಕಿಗೆ ನೂರು ಅಂತ ಹೆಸರಿಟ್ವಿ. ಮಧ್ಯದ್ದನ್ನ ಒಂದು ಫಂಕ್ಷನ್ ಹಂಚಿಕೊಟ್ಟಿತು. ಎಲ್ಲ ಟ್ಯುಟೋರಿಯಲ್‌ನಲ್ಲೂ ಹೀಗೇ ಇರೋದು. ಆದ್ರೆ ಲೋಟದಲ್ಲಿ ಇರೋದು ನೀರು, ಮಣ್ಣಲ್ಲ. ಮಣ್ಣಿನ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಗಟ್ಟಿ ಕಣಗಳೇ ಇರುತ್ತವೆ. ಉಳಿದ ಸಂದುಗಳೆಲ್ಲ ನೀರು ತುಂಬಿಕೊಂಡ್ರೂ ನೂರು ಪರ್ಸೆಂಟ್ ಆಗೋದು ಸಾಧ್ಯವೇ ಇಲ್ಲ. ಹಾಗೆ ತುಂಬಿಕೊಂಡ್ರೆ ಅದು ಹೊಲ ಅಲ್ಲ, ಗದ್ದೆ. ಕೆಂಪು ಮರಳುಗೋಡು ಮಣ್ಣು, ನೀರು ಕೆಳಗೆ ಬಸಿದು ಹೋದ ಮೇಲೆ ಹಿಡಿದಿಟ್ಟುಕೊಳ್ಳೋದು ಅದರ ಗಾತ್ರದ ಸುಮಾರು ಐದರಲ್ಲೊಂದು ಭಾಗ ಅಷ್ಟೇ. ಅಂದ್ರೆ ನಮ್ಮ 63 ಯಾವುದರ ಪರ್ಸೆಂಟೂ ಅಲ್ಲ. ಅದಕ್ಕೆ ಯೂನಿಟ್ಟೇ ಇಲ್ಲ. ಫಿಸಿಕ್ಸ್ ಲ್ಯಾಬ್‌ನಲ್ಲಿ ಯೂನಿಟ್ ಬರೀದಿದ್ರೆ ಅರ್ಧ ಮಾರ್ಕ್ ಕಟ್. ಇಲ್ಲಿ ಫುಲ್ ಮಾರ್ಕ್ಸ್!

ಹಾಗಾದ್ರೆ ಮಾವ ಕೇಳಿದ ‘ಹದ’ ಏನು? ಒಂದು ಹಿಡಿ ಮಣ್ಣು ತಗೊಂಡು ಮುಷ್ಟಿಯಲ್ಲಿ ಒತ್ತಬೇಕು. ಉಂಡೆ ಕಟ್ಟಬೇಕು, ಆದ್ರೆ ಅಂಗೈ ಒದ್ದೆ ಆಗಬಾರದು, ಬೆರಳಲ್ಲಿ ತಟ್ಟಿದ್ರೆ ಪುಡಿಯಾಗಿ ಉದುರಬೇಕು. ಅದು ಹದ. ಉಂಡೆಯೇ ಕಟ್ಟದಿದ್ರೆ ಒಣಗಿದೆ ಅಂತ, ಬೆರಳಿಗೆ ಮೆತ್ತಿಕೊಂಡ್ರೆ ಹೆಚ್ಚಾಗಿದೆ ಅಂತ. ಸಿವಿಲ್‌ನವರ ಪುಸ್ತಕದಲ್ಲಿ ‘ಫೀಲ್ಡ್ ಕೆಪಾಸಿಟಿ’ ಅಂತ ಒಂದು ಪದ ಬರುತ್ತೆ: ಮಣ್ಣಿನ ದೊಡ್ಡ ರಂಧ್ರಗಳಿಂದ ನೀರು ಇಳಿದುಹೋಗಿ ಅಲ್ಲಿ ಗಾಳಿ ತುಂಬಿಕೊಂಡು, ಸಣ್ಣ ರಂಧ್ರಗಳಲ್ಲಿ ಮಾತ್ರ ನೀರು ಉಳಿದ ಸ್ಥಿತಿ. ಮಾವನ ಹದ ಹೆಚ್ಚುಕಡಿಮೆ ಅದೇ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ‘ಹದ’ ಅಂದ್ರೆ ದೋಸೆ ಹಿಟ್ಟಿನ ವಿಷಯ ಅಂತ ಮಾತ್ರ ಗೊತ್ತಿತ್ತು.

ಆಲೂಗಡ್ಡೆ ಮಟ್ಟಿಗೆ ಈ ಹದದ ವಿಷಯ ಬೇರೆ ಬೆಳೆಗಳಿಗಿಂತ ಸೂಕ್ಷ್ಮ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಪ್ರಕಟಿಸಿದ 56ನೇ ನೀರಾವರಿ ಕೈಪಿಡಿಯಲ್ಲಿ ಒಂದು ಪಟ್ಟಿ ಇದೆ. ಬೇರಿಗೆ ಸಿಗೋ ನೀರಿನಲ್ಲಿ ಎಷ್ಟು ಭಾಗ ಖಾಲಿಯಾಗೋವರೆಗೆ ಬೆಳೆ ತಡ್ಕೊಳ್ಳುತ್ತೆ ಅನ್ನೋದು ಅದರಲ್ಲಿದೆ. ಹತ್ತಿಗೆ 0.65, ಮೆಕ್ಕೆಜೋಳಕ್ಕೆ 0.55, ಆಲೂಗಡ್ಡೆಗೆ ಬರೀ 0.35. ಬೇರಿನ ಆಳ ಮೆಕ್ಕೆಜೋಳಕ್ಕೆ ಒಂದು ಮೀಟರ್ ದಾಟಿದ್ರೆ, ಆಲೂಗಡ್ಡೆಗೆ 40ರಿಂದ 60 ಸೆಂಟಿಮೀಟರ್ ಅಷ್ಟೇ.

ಒಂದು ಸಣ್ಣ ಲೆಕ್ಕ ಹಾಕೋಣ, ಕ್ಯಾಲ್ಕುಲೇಟರ್ ಬೇಡ. ಮರಳುಗೋಡು ಮಣ್ಣಿನ ಒಂದು ಮೀಟರ್ ಆಳದಲ್ಲಿ ಬೆಳೆಗೆ ಸಿಗೋ ನೀರು ಸುಮಾರು 120 ಮಿಲಿಮೀಟರ್ ಅಂತ ಇಟ್ಕೊಳ್ಳಿ. 40 ಸೆಂಟಿಮೀಟರ್ ಬೇರಿಗೆ 48. ಅದರ 0.35 ಅಂದ್ರೆ ಸುಮಾರು 17 ಮಿಲಿಮೀಟರ್. ದಿನಕ್ಕೆ ನಾಲ್ಕೈದು ಮಿಲಿಮೀಟರ್ ಗಿಡ ಮತ್ತು ಬಿಸಿಲು ಸೇರಿ ಖರ್ಚು ಮಾಡಿದ್ರೆ ಮೂರೂವರೆ ನಾಲ್ಕು ದಿನಕ್ಕೆ ಖಾಲಿ. ಮತ್ತೆ ತುಂಬಬೇಕು. ಎಕರೆಗೆ ಒಂದು ಮಿಲಿಮೀಟರ್ ಅಂದ್ರೆ ನಾಲ್ಕು ಸಾವಿರ ಲೀಟರ್, 17ಕ್ಕೆ 68 ಸಾವಿರ ಲೀಟರ್. ವಾರಕ್ಕೊಂದು ಸಲ ಜೋರಾಗಿ ನೀರು ಬಿಟ್ಟು ಕೈ ತೊಳೆದುಕೊಂಡ್ರೆ ಆಗಲ್ಲ, ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ ಕೊಡಬೇಕು. ಡ್ರಿಪ್ ಈ ಬೆಳೆಗೆ ಹೊಂದೋದು ಇದಕ್ಕೇ.

ಇಲ್ಲಿವರೆಗೆ ನಮ್ಮ ಸ್ಮಾರ್ಟ್ ಕಿಟ್ ಕೂಡ ಸರಿ ಅನ್ನಿಸುತ್ತೆ, ಅಲ್ವಾ? ಅರವತ್ತೋ ಎಪ್ಪತ್ತೋ, ಯೂನಿಟ್ ಇಲ್ಲದಿದ್ರೂ, ಒಂದೇ ಮಟ್ಟದಲ್ಲಿ ತೇವ ಕಾಪಾಡ್ತಿತ್ತು. ತಪ್ಪಿದ್ದೇ ಅಲ್ಲಿ. ಆಲೂಗಡ್ಡೆಗೆ ಬೇಕಾಗಿದ್ದು ಒಂದೇ ಮಟ್ಟ ಅಲ್ಲ. ಗಿಡದ ವಯಸ್ಸಿನ ಜೊತೆ ಬದಲಾಗೋ ಮಟ್ಟ.

ಬಿತ್ತೋದು ಬೀಜವನ್ನಲ್ಲ, ಗೆಡ್ಡೆಯನ್ನ. ಎಷ್ಟೋ ಸಲ ಕತ್ತರಿಸಿದ ಗೆಡ್ಡೆಯನ್ನ. ಮೊಳಕೆ ಮೇಲೆ ಬರೋ ಮುಂಚೆ ಮಣ್ಣು ಕೆಸರಾದ್ರೆ ಆ ತುಂಡು ಮಣ್ಣಲ್ಲೇ ಕೊಳೆಯುತ್ತೆ, ಸಾಲಿನಲ್ಲಿ ಅಲ್ಲಲ್ಲಿ ಹಲ್ಲು ಬಿದ್ದ ಹಾಗೆ ಖಾಲಿ ಜಾಗ ಉಳಿಯುತ್ತೆ. ಹಾಗಾಗಿ ಮೊದಲ ಎರಡು ಮೂರು ವಾರ ಕೈ ಬಿಗಿ ಹಿಡಿಯಬೇಕು.

ಆಮೇಲೆ, ಸುಮಾರು ಒಂದು ತಿಂಗಳ ಹೊತ್ತಿಗೆ, ಮಣ್ಣೊಳಗೆ ಬಿಳಿ ಎಳೆಗಳ ತುದಿ ಊದಿಕೊಂಡು ಗೆಡ್ಡೆ ಕಟ್ಟೋಕೆ ಶುರು. ಇದು ನೀರಿನ ವಿಷಯದಲ್ಲಿ ಅತ್ಯಂತ ನಾಜೂಕಾದ ಕಾಲ. ಈಗ ಒಣಗಿಸಿದ್ರೆ ಗೆಡ್ಡೆಗಳ ಸಂಖ್ಯೆಯೇ ಕಡಿಮೆ ಆಗಬಹುದು. ಜೊತೆಗೆ ಕಜ್ಜಿ ರೋಗ. ಮಾರ್ಕೆಟ್‌ನಲ್ಲಿ ಸಿಪ್ಪೆ ಮೇಲೆ ಕಂದು ಬಣ್ಣದ ಒರಟು ಮಚ್ಚೆ ಇರೋ ಆಲೂಗಡ್ಡೆ ನೋಡಿರ್ತೀರಿ. ಅದು ಸ್ಟ್ರೆಪ್ಟೊಮೈಸಿಸ್ ಅನ್ನೋ ಬ್ಯಾಕ್ಟೀರಿಯಾದ ಕೆಲಸ. ಹೆಸರು ಕೇಳಿದ ಹಾಗಿದೆಯಾ? ಸ್ಟ್ರೆಪ್ಟೊಮೈಸಿನ್ ಔಷಧಿ ಬಂದಿದ್ದು ಇದರ ಕುಲದಿಂದಲೇ. ಎಳೆ ಗೆಡ್ಡೆಯ ಸಿಪ್ಪೆಯಲ್ಲಿ ಉಸಿರಾಡೋಕೆ ಇರೋ ಸಣ್ಣ ರಂಧ್ರಗಳ ಮೂಲಕ ಇದು ಒಳಗೆ ಹೋಗುತ್ತೆ, ಅದೂ ಮಣ್ಣು ಒಣಗಿದ್ದಾಗ ಹೆಚ್ಚು. ಇಂಗ್ಲೆಂಡಿನ ವಿಜ್ಞಾನಿಗಳು 1960-70ರ ದಶಕಗಳಲ್ಲೇ ತೋರಿಸಿದ ಹಾಗೆ, ಗೆಡ್ಡೆ ಕಟ್ಟೋಕೆ ಶುರುವಾದ ಮೇಲಿನ ಕೆಲವು ವಾರ ಮಣ್ಣನ್ನ ಹದದಲ್ಲಿ ಇಟ್ರೆ ಕಜ್ಜಿ ಬಹಳ ಕಡಿಮೆ ಆಗುತ್ತೆ. ಔಷಧಿ ಬೇಡ, ಸರಿಯಾದ ವಾರಗಳಲ್ಲಿ ನೀರು ಸಾಕು.

ಹಾಗಂತ ಧಾರಾಳವಾಗಿ ನೀರು ಬಿಟ್ರೆ? ಪುಡಿ ಕಜ್ಜಿ ಅಂತ ಇನ್ನೊಂದು ರೋಗ ಇದೆ. ಹೆಸರಲ್ಲಿ ಅಣ್ಣತಮ್ಮ, ಗುಣದಲ್ಲಿ ಪೂರ್ತಿ ಉಲ್ಟಾ. ಅದರ ಬೀಜಕಣಗಳು ಮಣ್ಣಿನ ನೀರಲ್ಲಿ ಈಜಿಕೊಂಡು ಬಂದು ಗೆಡ್ಡೆ ಸೇರುತ್ತವೆ, ತಂಪು ಮತ್ತು ಜೌಗು ಅಂದ್ರೆ ಅದಕ್ಕೆ ಹಬ್ಬ. ಒಂದು ರೋಗ ಓಡಿಸೋ ನೀರೇ ಇನ್ನೊಂದನ್ನ ಕರೆದುಕೊಂಡು ಬರುತ್ತೆ. ಆದ್ದರಿಂದ ‘ಜಾಸ್ತಿ ನೀರು ಒಳ್ಳೇದು’ ಅನ್ನೋ ಮಾತೂ ಸುಳ್ಳು, ‘ಕಡಿಮೆ ನೀರು ಒಳ್ಳೇದು’ ಅನ್ನೋ ಮಾತೂ ಸುಳ್ಳು.

ಮೂರನೇ ಹಂತ ಗೆಡ್ಡೆ ದಪ್ಪ ಆಗೋದು. ಗೆಡ್ಡೆಯ ತೂಕದಲ್ಲಿ ಸುಮಾರು ಶೇಕಡಾ 80 ನೀರೇ ಇರೋದ್ರಿಂದ ಇಳುವರಿ ನಿರ್ಧಾರ ಆಗೋದು ಬಹುಮಟ್ಟಿಗೆ ಇಲ್ಲೇ. ಒಂದು ವಾರ ಒಣಗಿಸಿ, ಆಮೇಲೆ ಗಾಬರಿ ಬಿದ್ದು ಒಮ್ಮೆಲೇ ನೀರು ಬಿಟ್ರೆ ನಿಂತ ಬೆಳವಣಿಗೆ ಮತ್ತೆ ಶುರುವಾಗುತ್ತೆ, ಆದ್ರೆ ಎಲ್ಲಾ ಕಡೆ ಸಮನಾಗಿ ಅಲ್ಲ. ಗೆಡ್ಡೆಗೆ ಮೂಗು, ಕಿವಿ ಮೂಡಿದ ಹಾಗೆ ಗಂಟುಗಳು ಬರುತ್ತವೆ, ಸಿಪ್ಪೆ ಬಿರಿಯುತ್ತೆ, ಕೆಲವು ಗೆಡ್ಡೆ ಒಳಗೆ ಟೊಳ್ಳಾಗುತ್ತೆ. ತೂಕಕ್ಕೇನೋ ಬರುತ್ತೆ, ಆದ್ರೆ ಅಂಥ ಗೆಡ್ಡೆಗೆ ಮಂಡಿಯಲ್ಲಿ ಬೆಲೆ ಸಿಗಲ್ಲ.

ನಾಲ್ಕನೇ ಹಂತದಲ್ಲಿ ನಾವು ಎಡವಿದ್ದು. ಕೀಳೋದಕ್ಕೆ ಹತ್ತು ಹದಿನೈದು ದಿನ ಮುಂಚೆ ನೀರು ನಿಲ್ಲಿಸಬೇಕು. ಸಿಪ್ಪೆ ಬಲಿಯಬೇಕು, ಬೆರಳಲ್ಲಿ ಉಜ್ಜಿದ್ರೆ ಸುಲಿದು ಬರಬಾರದು. ಮಣ್ಣು ತುಂಬಾ ಒದ್ದೆ ಇದ್ರೆ ಗೆಡ್ಡೆಗೆ ಉಸಿರು ಕಟ್ಟುತ್ತೆ. ಆಗ ಅದರ ಉಸಿರಾಟದ ರಂಧ್ರಗಳು ಬಾಯಿ ತೆರೆದು, ಸಿಪ್ಪೆ ಮೇಲೆ ಅಕ್ಕಿ ನುಚ್ಚು ಅಂಟಿದ ಹಾಗೆ ಬಿಳಿ ಚುಕ್ಕೆಗಳಾಗಿ ಉಬ್ಬುತ್ತವೆ. ಮೆತ್ತನೆ ಕೊಳೆ ರೋಗ ತರೋ ಬ್ಯಾಕ್ಟೀರಿಯಾಕ್ಕೆ ಅದು ತೆರೆದ ಬಾಗಿಲು.

ಮಾವ ತಮ್ಮ ಸಾಲುಗಳಿಗೆ ನೀರು ನಿಲ್ಲಿಸಿದ್ರು. ನಮ್ಮ ಸಾಲಿಗೆ ಕೈ ಹಾಕಲಿಲ್ಲ, ‘ಓದಿರೋ ಹುಡುಗರು, ಮಷೀನಿಗೆ ಗೊತ್ತಿರುತ್ತೆ’ ಅಂತ. ಮಷೀನಿಗೆ ಗೊತ್ತಿದ್ದಿದ್ದು ಅರವತ್ತು ಮತ್ತು ಎಪ್ಪತ್ತು ಮಾತ್ರ. ಕೊನೆ ದಿನದವರೆಗೂ ಅದು ಪ್ರಾಮಾಣಿಕವಾಗಿ ನೀರು ಹಾಕ್ತಾನೇ ಇತ್ತು. ಕೋಡ್‌ನಲ್ಲಿ ಒಂದೇ ಒಂದು ಬಗ್ ಇರಲಿಲ್ಲ, ಗಮನಿಸಿ. ಬರೆದ ಹಾಗೆಯೇ ಓಡಿತು.

ಕಿತ್ತಾಗ ನಮ್ಮ ಸಾಲಿನ ಗೆಡ್ಡೆಗಳು ದಪ್ಪಗಿದ್ವು. ಖುಷಿಯಾಗಿ ಫೋಟೋ ತೆಗೆದು ಸ್ಟೇಟಸ್ ಹಾಕಿದ್ವಿ. ಸಿಪ್ಪೆ ಮೇಲಿನ ಬಿಳಿ ಚುಕ್ಕೆ ಫೋಟೋದಲ್ಲೂ ಕಾಣ್ತವೆ, ಅವು ಏನು ಅಂತ ನಮಗೆ ಆಗ ಗೊತ್ತಿರಲಿಲ್ಲ. ಕೂಲಿಯವರು ಎಲ್ಲಾ ಸಾಲಿನದ್ದನ್ನೂ ಒಟ್ಟಿಗೆ ಚೀಲಕ್ಕೆ ತುಂಬಿದ್ರು. ನಾಲ್ಕನೇ ದಿನ ಚೀಲಗಳಿಂದ ನೀರು ಸೋರೋಕೆ ಶುರುವಾಯ್ತು. ಕೊಳೆತ ಆಲೂಗಡ್ಡೆ ವಾಸನೆ ಗೊತ್ತಿಲ್ಲದವರು ಪುಣ್ಯವಂತರು. ಒಂದು ಕೊಳೆತರೆ ಅದರ ರಸ ಪಕ್ಕದ್ದಕ್ಕೆ ಇಳಿಯುತ್ತೆ, ಅದರಿಂದ ಇನ್ನೊಂದಕ್ಕೆ. ನಮ್ಮದು ಎರಡೇ ಸಾಲು, ಹಾಳಾಗಿದ್ದು ಅವರ ಒಳ್ಳೆ ಗೆಡ್ಡೆಯೂ ಸೇರಿ ಹಲವು ಚೀಲ. ಕೊಳ್ಳೋಕೆ ಬಂದವನು ಉಳಿದ ಚೀಲಗಳಿಗೂ ರೇಟು ಇಳಿಸಿದ.

ಡೆಮೊ ಮುಗಿದು ಮಾರ್ಕ್ಸ್ ಬಂದಿದ್ದು ಜನವರಿಯಲ್ಲಿ. ಗೆಡ್ಡೆ ಕಿತ್ತಿದ್ದು ಫೆಬ್ರವರಿಯಲ್ಲಿ. ನಮ್ಮ ರಿಪೋರ್ಟ್‌ನ ಕೊನೆ ಪುಟದಲ್ಲಿ ‘ನೀರಿನ ಉಳಿತಾಯ’ ಅಂತ ಒಂದು ಪರ್ಸೆಂಟೇಜ್ ಇದೆ. ಯಾವುದಕ್ಕೆ ಹೋಲಿಸಿ ಉಳಿತಾಯ ಅಂತ ನಾವು ಬರೆದಿಲ್ಲ, ಯಾರೂ ಕೇಳಲೂ ಇಲ್ಲ. ಕೊಳೆತ ಚೀಲದ ವಿಷಯ ರಿಪೋರ್ಟ್‌ನಲ್ಲಿ ಇಲ್ಲ. ನಷ್ಟದ ದುಡ್ಡು ಕೊಡ್ತೀವಿ ಅಂತ ಹೋದ್ರೆ ಮಾವ ತಗೊಳ್ಳಲಿಲ್ಲ. “ಬಿಡ್ರಪ್ಪಾ, ನಾನೂ ಒಂದು ಮಾತು ಕೇಳಬೇಕಿತ್ತು” ಅಂದ್ರು. ಬೈದಿದ್ರೆ ಎಷ್ಟೋ ಸಮಾಧಾನ ಆಗ್ತಿತ್ತು.

ಇಷ್ಟೆಲ್ಲಾ ಹೇಳಿದ ಮೇಲೆ ‘ರೈತರಿಗೆ ಎಲ್ಲಾ ಗೊತ್ತು, ಎಂಜಿನಿಯರ್‌ಗಳು ತೆಪ್ಪಗಿರಿ’ ಅನ್ನೋ ತೀರ್ಮಾನಕ್ಕೆ ಬರೋದು ಸುಲಭ. ಅದನ್ನ ನಾವು ಒಪ್ಪಲ್ಲ. ಮಣ್ಣೊಳಗೆ ಹದಿನೈದು ಸೆಂಟಿಮೀಟರ್ ಕೆಳಗೆ ರಾತ್ರಿ ಎರಡು ಗಂಟೆಗೆ ಏನಾಗ್ತಿದೆ ಅನ್ನೋದು ಮಾವನಿಗೂ ಕಾಣಲ್ಲ. ಮತ್ತೆ ರೈತರು ನೀರು ಬಿಡೋ ಹೊತ್ತು ಎಷ್ಟೋ ಕಡೆ ಅವರ ಕೈಯಲ್ಲೇ ಇಲ್ಲ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಆದ್ರೆ ತ್ರೀಫೇಸ್ ಇರೋದು ದಿನದ ಕೆಲವೇ ಗಂಟೆ, ಎಷ್ಟೋ ಸಲ ರಾತ್ರಿ. ಆಟೋ ಸ್ಟಾರ್ಟರ್ ಹಾಕಿ ಮಲಗಿದ್ರೆ ಕರೆಂಟ್ ಬಂದಾಗ ಪಂಪ್ ತಾನೇ ಓಡುತ್ತೆ, ಹೋದಾಗ ನಿಲ್ಲುತ್ತೆ. ಗಿಡಕ್ಕೆ ಬೇಕಾ ಬೇಡವಾ ಅಂತ ಕೇಳೋರು ಯಾರೂ ಇಲ್ಲ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಟಾರ್ಪಾಲ್ ಹಾಸಿದ ಕೃಷಿ ಹೊಂಡಗಳನ್ನ ನೋಡಿರ್ತೀರಿ. ಕರೆಂಟ್ ಬಂದಾಗ ಬೋರ್‌ವೆಲ್ ನೀರು ಹೊಂಡಕ್ಕೆ, ಬೇಕಾದಾಗ ಹೊಂಡದಿಂದ ಡ್ರಿಪ್‌ಗೆ. ನಾವು ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸ್‌ನಲ್ಲಿ ಬಫರ್ ಅಂತ ಓದ್ತೀವಲ್ಲ, ಅದೇ ಇದು, ನೆಲ ಅಗೆದು ಮಾಡಿದ್ದು.

ಇನ್ನು ಹಾಸನಕ್ಕೆ ಬನ್ನಿ, ಸಮಸ್ಯೆಯೇ ಬೇರೆ. ಅಲ್ಲಿ ಮುಖ್ಯ ಬೆಳೆ ಮುಂಗಾರಿನದು, ಮೇ-ಜೂನ್‌ನಲ್ಲಿ ಬಿತ್ತೋದು, ಬಿತ್ತನೆ ಗೆಡ್ಡೆ ಬರೋದು ಪಂಜಾಬಿನ ಜಲಂಧರ್ ಕಡೆಯಿಂದ. ನೀರು ಹಾಕೋದು ಆಕಾಶ. ಮೋಡ, ತುಂತುರು, ತಂಪು ಹಾಗೇ ನಾಲ್ಕು ದಿನ ನಿಂತ್ರೆ ಅಂಗಮಾರಿ ಶುರು. 1845ರಲ್ಲಿ ಐರ್ಲೆಂಡಿಗೆ ಬಂದು ಆಮೇಲಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಬರಗಾಲ ತಂದಿದ್ದು ಇದೇ ರೋಗ. ಎಲೆ ಒದ್ದೆ ಇದ್ರೆ ಅದರ ಬೀಜಕಣ ಆ ನೀರಿನ ಪದರದಲ್ಲೇ ಈಜಿ ಎಲೆ ಒಳಗೆ ಇಳಿಯುತ್ತೆ, ವಾತಾವರಣ ಕೂಡಿ ಬಂದ್ರೆ ಒಂದು ವಾರದೊಳಗೆ ಹೊಸ ಬೀಜಕಣ ತಯಾರು. ಮಳೆ ಅವನ್ನ ತೊಳೆದು ಮಣ್ಣಿನ ಬಿರುಕಿನಿಂದ ಗೆಡ್ಡೆಗೂ ಇಳಿಸುತ್ತೆ. ಬುಡಕ್ಕೆ ಚೆನ್ನಾಗಿ ಮಣ್ಣು ಏರಿಸಿ ಅಂತ ಹಿರಿಯರು ಹೇಳೋದು ಇದಕ್ಕೂ ಸೇರಿ. ಇಂಥ ಕಡೆ ಸೆನ್ಸರ್ ಹಾಕಿ ಪಂಪ್ ಆನ್ ಮಾಡ್ತೀವಿ ಅಂದ್ರೆ ನಗ್ತಾರೆ. ಅಲ್ಲಿ ನೀರಾವರಿ ಅಂದ್ರೆ ನೀರು ಹಾಕೋದಲ್ಲ, ನೀರು ಹೊರಗೆ ಕಳಿಸೋದು: ಎತ್ತರದ ಬೋದು, ಸರಿಯಾದ ಇಳಿಜಾರು, ಬಸಿಗಾಲುವೆ. ನಷ್ಟ ತಿಂದು ತಿಂದು ಅಲ್ಲಿನ ಎಷ್ಟೋ ರೈತರು ಜೋಳಕ್ಕೆ, ಶುಂಠಿಗೆ ಹೊರಳಿದ್ದಾರೆ.

ಮಳೆ ಇಲ್ಲದ ಕಾಲದಲ್ಲಿ ಈ ಎಲೆ ಒದ್ದೆ ಮಾಡೋ ಕೆಲಸವನ್ನ ನಾವೇ ಮಾಡಬಹುದು, ಸ್ಪ್ರಿಂಕ್ಲರ್ ಹಾಕಿ. ಸಂಜೆ ಹೊತ್ತು ಸ್ಪ್ರಿಂಕ್ಲರ್ ಓಡಿಸಿದ್ರೆ ಎಲೆ ರಾತ್ರಿಯಿಡೀ ಒದ್ದೆ, ಮೇಲೆ ಬೆಳಗಿನ ಇಬ್ಬನಿ. ಅದೇ ನೀರನ್ನ ಬಿಸಿಲೇರೋ ಮುಂಚೆ ಬೆಳಿಗ್ಗೆ ಹಾಕಿದ್ರೆ ಎಲೆ ಬೇಗ ಒಣಗುತ್ತೆ. ಸಾಲಿನಲ್ಲಿ ನೀರು ಹಾಯಿಸೋರು ಬೋದಿನ ತಲೆ ಮುಳುಗಿಸಿದ್ರೆ ಗೆಡ್ಡೆಗೆ ಉಸಿರು ಕಟ್ಟುತ್ತೆ, ಅರ್ಧಕ್ಕೆ ನಿಲ್ಲಿಸಿದ್ರೆ ತೇವ ತಾನೇ ಮೇಲೇರುತ್ತೆ. ಬಳಸೋ ನೀರಿನ ಪ್ರಮಾಣ ಒಂದೇ ಇದ್ರೂ ಹೊತ್ತು ಮತ್ತು ದಾರಿ ಬೇರೆಯಾದ್ರೆ ರೋಗವೇ ಬೇರೆ.

ನೀರೇ ರೋಗ ಹೊತ್ತು ತರೋದೂ ಉಂಟು. ಗಿಡ ಹಸಿರಾಗಿದ್ದ ಹಾಗೇ ಬಾಡಿ ಬೀಳೋ ದುಂಡಾಣು ಸೊರಗು ರೋಗ ಬಿತ್ತನೆ ಗೆಡ್ಡೆಯಿಂದ ಬರುತ್ತೆ, ಆಮೇಲೆ ಸಾಲಿನ ನೀರಿನ ಜೊತೆ ಹರಿದು ಮುಂದಿನ ಗಿಡಕ್ಕೆ, ಕೆಳಗಿನ ಹೊಲಕ್ಕೆ ಹೋಗುತ್ತೆ. ನೆದರ್ಲೆಂಡ್ಸ್ ಮತ್ತು ಬ್ರಿಟನ್‌ನಲ್ಲಿ ಇದೇ ಬ್ಯಾಕ್ಟೀರಿಯಾ ನದಿ ಕಾಲುವೆಗಳ ನೀರಲ್ಲೇ ಸಿಕ್ಕಿತು. ದಡದಲ್ಲಿ ಬೆಳೆಯೋ ಬದನೆ ಜಾತಿಯ ಒಂದು ಕಾಡುಬಳ್ಳಿಯ ಬೇರಲ್ಲಿ ಅದು ಆರಾಮಾಗಿ ಬದುಕಿತ್ತು. ಸೋಂಕಿರೋ ನದಿಗಳ ನೀರನ್ನ ಆಲೂಗಡ್ಡೆಗೆ ಹಾಕಬಾರದು ಅಂತ ಅಲ್ಲಿ ಕಾನೂನೇ ಮಾಡಿದ್ರು. ನಮ್ಮ ಯಾವ ಸ್ಮಾರ್ಟ್ ಇರಿಗೇಶನ್ ಪ್ರಾಜೆಕ್ಟ್‌ನಲ್ಲಾದ್ರೂ ‘ಈ ನೀರು ಎಲ್ಲಿಂದ ಬಂತು’ ಅನ್ನೋ ಪ್ರಶ್ನೆ ಇದೆಯಾ?

ನೀರೊಂದೇ ಸರಿಮಾಡಿದ್ರೆ ಎಲ್ಲಾ ಸರಿ ಹೋಗುತ್ತೆ ಅಂತ ಹೇಳ್ತಿಲ್ಲ. ಬಿತ್ತನೆ ಗೆಡ್ಡೆ ಕೆಟ್ಟದಿದ್ರೆ ಯಾವ ಡ್ರಿಪ್ಪೂ ಉಳಿಸಲ್ಲ. ಆದ್ರೆ ಗೆಡ್ಡೆ ಬಿತ್ತಿದ ಮೇಲೆ ಕೀಳೋವರೆಗೆ ರೈತರು ಹೆಚ್ಚುಕಡಿಮೆ ಮಾಡಬಹುದಾದ ಕೆಲವೇ ವಿಷಯಗಳಲ್ಲಿ ನೀರು ಒಂದು. ಮತ್ತೆ ನಾವು ಎಂಜಿನಿಯರಿಂಗ್‌ನವರು ಕೈ ಹಾಕೋದೂ ಅದಕ್ಕೇ. ಕೈ ಹಾಕೋದಾದ್ರೆ ಸರಿಯಾಗಿ ಹಾಕೋಣ ಅನ್ನೋದು ನಮ್ಮ ವಾದ.

ಜೂನಿಯರ್‌ಗಳೇ, ಮುಂದಿನ ವರ್ಷ ಇದೇ ಪ್ರಾಜೆಕ್ಟ್ ತಗೊಳ್ಳೋರು ನೀವು. ನಾವು ಕಲಿತದ್ದನ್ನ ಫ್ರೀಯಾಗಿ ತಗೊಳ್ಳಿ. ಸೆನ್ಸರನ್ನ ಲೋಟದಲ್ಲಿ ಅಲ್ಲ, ಆ ಹೊಲದ ಮಣ್ಣಲ್ಲೇ ಕ್ಯಾಲಿಬ್ರೇಟ್ ಮಾಡಿ. ಗೊತ್ತಿರೋ ಗಾತ್ರದ ಡಬ್ಬಿಯಲ್ಲಿ ಮಣ್ಣು ತಂದು, ತೂಕ ಮಾಡಿ, ಸಿವಿಲ್ ಲ್ಯಾಬ್‌ನ ಓವನ್‌ನಲ್ಲಿ ಒಣಗಿಸಿ, ಮತ್ತೆ ತೂಕ ಮಾಡಿದ್ರೆ ನೀರೆಷ್ಟು ಅಂತ ಗೊತ್ತಾಗುತ್ತೆ. ಒಂದು ದಿನದ ಕೆಲಸ. ರೈತರು ಮುಷ್ಟಿ ಹಿಡಿದು ‘ಇದು ಹದ’ ಅಂದ ಮಣ್ಣಿನ ಅಂಕಿಯನ್ನ ಮೊದಲು ಬರ್ಕೊಳ್ಳಿ, ಅದೇ ನಿಮ್ಮ ರೆಫರೆನ್ಸ್. ಕೋಡ್‌ನಲ್ಲಿ ಬಿತ್ತಿದ ದಿನಾಂಕ ಇರಲಿ, ವಯಸ್ಸಿಗೆ ತಕ್ಕಂತೆ ಮಿತಿ ಬದಲಾಗಲಿ. ಆನ್ ಮಾಡೋ ಷರತ್ತಿಗಿಂತ ಆಫ್ ಮಾಡೋ ಷರತ್ತಿನ ಬಗ್ಗೆ ಹೆಚ್ಚು ಯೋಚನೆ ಮಾಡಿ. ಸೆನ್ಸರ್ ಕೆಟ್ರೆ ಪಂಪ್ ನಿಲ್ಲಬೇಕೇ ಹೊರತು ಓಡಬಾರದು. ಹಾಸನದ ಕಡೆಯವರಾದ್ರೆ ಪಂಪ್ ಬಿಟ್ಟುಬಿಡಿ, ಎಲೆ ಎಷ್ಟು ಗಂಟೆ ಒದ್ದೆ ಇತ್ತು, ತಾಪಮಾನ ಎಷ್ಟಿತ್ತು ಅಂತ ಬರೆದಿಟ್ಟು ‘ಅಂಗಮಾರಿ ಬರೋ ಹವಾಮಾನ’ ಅಂತ ಒಂದು ಮೆಸೇಜ್ ಕಳಿಸೋ ಡಬ್ಬಿ ಮಾಡಿ, ಅದೇ ದೊಡ್ಡ ಉಪಕಾರ. ಆ ಮೆಸೇಜ್ ಕನ್ನಡದಲ್ಲಿರಲಿ. ಡಿಸ್‌ಪ್ಲೇ ಮೇಲೆ ಅಂಕಿ ಬೇಡ. ‘ಒಣ’, ‘ಹದ’, ‘ಹೆಚ್ಚು’ ಅಂತ ಮೂರು ಪದ ಸಾಕು.

ಮೇಷ್ಟ್ರುಗಳಿಗೂ ಒಂದು ಮನವಿ. ಕೃಷಿ ಪ್ರಾಜೆಕ್ಟ್‌ಗೆ ಮಾರ್ಕ್ಸ್ ಕೊಡೋದನ್ನ ಸೆಮಿಸ್ಟರ್ ಕ್ಯಾಲೆಂಡರ್ ಪ್ರಕಾರ ಮಾಡಬೇಡಿ, ಬೆಳೆ ಕ್ಯಾಲೆಂಡರ್ ಪ್ರಕಾರ ಮಾಡಿ. ಆಲೂಗಡ್ಡೆಗೆ ನಮ್ಮ ಇಂಟರ್ನಲ್ಸ್ ಡೇಟು ಗೊತ್ತಿಲ್ಲ. ಅರ್ಧ ಮಾರ್ಕ್ಸ್ ಕಟಾವಿನ ನಂತರಕ್ಕೆ, ಇನ್ನೂ ಸರಿಯಾಗಿ ಹೇಳೋದಾದ್ರೆ ಚೀಲ ಕಟ್ಟಿದ ಒಂದು ವಾರದ ನಂತರಕ್ಕೆ ಇಡಿ. ವೈವಾಕ್ಕೆ ಹೊಲದ ಯಜಮಾನರನ್ನೂ ಕರೆಸಿ, ಅವರಿಗೂ ಒಂದು ಪ್ರಶ್ನೆ ಕೇಳೋ ಅವಕಾಶ ಕೊಡಿ. ನಮಗೆ ಆ ಒಂದೇ ಪ್ರಶ್ನೆ ಕೇಳಿದ್ದಿದ್ರೆ ನಾವು ಫೇಲ್ ಆಗ್ತಿದ್ವಿ. ಆದ್ರೆ ಮಾವನ ಚೀಲಗಳು ಉಳೀತಿದ್ವು.

ಈ ಸಲ ಬಿತ್ತನೆಗೆ ನಾವು ನಾಲ್ಕೂ ಜನ ಮತ್ತೆ ಹೋಗ್ತಿದ್ದೀವಿ. ಮಾವ ಬರಬೇಡಿ ಅನ್ನಲಿಲ್ಲ, ಆದ್ರೆ ಒಂದು ಷರತ್ತು ಹಾಕಿದ್ದಾರೆ: ಈ ವರ್ಷ ಮಷೀನು ನೀರು ಬಿಡೋ ಹಾಗಿಲ್ಲ, ಬರೀ ನೋಡಿ ಹೇಳಬೇಕು. ಬಿಡೋದು ಅವರೇ. ನಾವು ಬೆಳಿಗ್ಗೆ ಎದ್ದು ಸೆನ್ಸರ್ ಅಂಕಿ ನೋಡೋ ಮುಂಚೆ ಒಂದು ಹಿಡಿ ಮಣ್ಣು ಒತ್ತಿ ನೋಡಬೇಕು, ಆಮೇಲೆ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೀಬೇಕು. ಒಪ್ಪಿಕೊಂಡಿದ್ದೀವಿ. ಈ ಸಲ ಅವರು ಕೇಳಿದ್ರೆ ಉತ್ತರ ಇರಬೇಕಲ್ಲ.